ಹುಲಿಗವಿಯ ಐತಿಹ್ಯಗಳು: ಭೂತಾನದ ಪಾರೊ ತಕ್ಸಾಂಗ್ ಮಠವನ್ನು ಅರಿಯುವ ಬಗೆ

ಹಿಮಾಲಯದ ಬೌದ್ಧ ಮಠಗಳಲ್ಲಿ ಭೂತಾನದ ಪಾರೊ ತಕ್ಸಾಂಗ್‌ನಷ್ಟು ಚಿತ್ರಗಳಲ್ಲಿ ಕಾಣಸಿಗುವ ಮಠ ಇನ್ನೊಂದಿರಲಾರದು. ತಕ್ಸಾಂಗ್ ಎಂದರೆ ಹುಲಿಗವಿ. ಕಡಿದಾದ ಬಂಡೆಯ ಮೈಗೆ ಒತ್ತಿ ನಿಂತ ಬಿಳಿಯ ಗೋಡೆಗಳು, ಅವುಗಳ ಮೇಲೆ ಹೊಂಬಣ್ಣದ ಚಾವಣಿಗಳು, ಕೆಳಗೆ ಪೈನ್ ಮರಗಳ ಕಾಡು ಇರುವ ಆ ನೋಟವನ್ನು ಕ್ಯಾಲೆಂಡರುಗಳಲ್ಲಿಯೂ ಪ್ರವಾಸದ ಜಾಹೀರಾತುಗಳಲ್ಲಿಯೂ ನಾವೆಲ್ಲ ಕಂಡಿದ್ದೇವೆ. ಆದರೆ ಈ ಕ್ಷೇತ್ರಕ್ಕೆ ಮೂಲವಾದದ್ದು ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ. ಅದು ಕಟ್ಟಡಗಳ ಹಿಂದೆ, ಬಂಡೆಯ ಒಳಗಿರುವ ಗವಿ. ಮಠದ ನಿರ್ಮಾಣ ಆರಂಭವಾದದ್ದು 1692ರಲ್ಲಿ. ಗವಿಯ ಪಾವಿತ್ರ್ಯವಾದರೋ ಸಂಪ್ರದಾಯದ ಎಣಿಕೆಯಲ್ಲಿ ಅದಕ್ಕಿಂತ ಒಂಬೈನೂರು ವರ್ಷಗಳಷ್ಟು ಹಿಂದಿನದು.

ಈ ಅಂತರವನ್ನು ಗಮನದಲ್ಲಿಟ್ಟುಕೊಳ್ಳದಿದ್ದರೆ ತಕ್ಸಾಂಗ್‌ನ ಐತಿಹ್ಯಗಳು ಒಂದರೊಳಗೊಂದು ಸಿಕ್ಕಿಕೊಂಡ ಗೋಜಲಿನಂತೆ ತೋರುತ್ತವೆ. ಹುಲಿಯ ಬೆನ್ನೇರಿ ಹಾರಿ ಬಂದ ಗುರುವಿನ ಕಥೆ, ನೇಪಾಳದಲ್ಲಿ ತೀರಿಕೊಂಡ ಶಿಷ್ಯನ ದೇಹ ಇಲ್ಲಿಗೆ ಮರಳಿ ಬಂದ ಕಥೆ, ಮಾತನಾಡಿದ ವಿಗ್ರಹದ ಕಥೆ, ಆಕಾಶದಿಂದ ಹೂಮಳೆ ಸುರಿದ ಕಥೆ, ಇವೆಲ್ಲವೂ ಒಂದೇ ಬೆಟ್ಟಕ್ಕೆ ಸೇರಿದವಾದರೂ ಒಂದೇ ಕಾಲಕ್ಕೆ ಸೇರಿದವಲ್ಲ. ಪ್ರತಿಯೊಂದು ಕಥೆಯೂ ಬೆಟ್ಟದ ಒಂದು ನಿರ್ದಿಷ್ಟ ತಾಣವನ್ನು ಆತುಕೊಂಡು ನಿಂತಿದೆ, ಮತ್ತು ಪ್ರತಿಯೊಂದರ ಹಿಂದೆಯೂ ಆ ಕಾಲದ ಒಂದು ಅಗತ್ಯವಿದೆ. ಯಾವುದು ಯಾವ ಪದರಕ್ಕೆ ಸೇರಿದ್ದೆಂದು ಬಿಡಿಸಿ ನೋಡಿದಾಗ ಈ ಕ್ಷೇತ್ರದ ಚರಿತ್ರೆಯೂ ಭೂತಾನದ ಚರಿತ್ರೆಯೂ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಪಾರೊ ಪಟ್ಟಣದಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಈ ಮಠ ಸಮುದ್ರಮಟ್ಟದಿಂದ ಸುಮಾರು 3,120 ಮೀಟರ್ ಎತ್ತರದಲ್ಲಿದೆ. ಕೆಳಗಿನ ಪಾರೊ ಕಣಿವೆಯ ನೆಲದಿಂದ ಲೆಕ್ಕ ಹಾಕಿದರೆ ಎತ್ತರ ಸುಮಾರು 900 ಮೀಟರ್. ಮಠದವರೆಗೆ ವಾಹನದ ರಸ್ತೆಯಿಲ್ಲ. ಬೆಟ್ಟದ ಬುಡದಿಂದ ಕಾಲ್ನಡಿಗೆಯಲ್ಲೇ ಏರಬೇಕು, ಅರ್ಧ ದಾರಿಯವರೆಗೆ ಕುದುರೆಗಳು ಸಿಗುವುದುಂಟು.

ಮೊದಲ ಪದರ ಗುರು ಪದ್ಮಸಂಭವರದು. ಎಂಟನೆಯ ಶತಮಾನದಲ್ಲಿ ಟಿಬೆಟ್‌ನ ದೊರೆ ತ್ರಿಸೋಂಗ್ ದೇತ್ಸೆನ್‌ನ ಆಹ್ವಾನದ ಮೇರೆಗೆ ಅಲ್ಲಿಗೆ ಹೋಗಿ, ಸಮ್ಯೆ ಮಠದ ನಿರ್ಮಾಣಕ್ಕೆ ಅಡ್ಡಿಯಾಗಿದ್ದ ದುಷ್ಟಶಕ್ತಿಗಳನ್ನು ಅಡಗಿಸಿದ, ವಜ್ರಯಾನವೆಂಬ ತಾಂತ್ರಿಕ ಬೌದ್ಧ ಮಾರ್ಗದ ಸಿದ್ಧರೆಂದು ಹಿಮಾಲಯದ ಬೌದ್ಧರು ಅವರನ್ನು ಆರಾಧಿಸುತ್ತಾರೆ. ಗುರು ರಿಂಪೋಚೆ ಎಂಬುದು ಭೂತಾನದಲ್ಲಿ ಅವರಿಗಿರುವ ಬಳಕೆಯ ಹೆಸರು. ಎರಡನೆಯ ಬುದ್ಧರೆಂದೂ ಅವರನ್ನು ಕರೆಯುತ್ತಾರೆ. ಕನ್ನಡ ಓದುಗರಿಗೆ ಈ ಹೆಸರು ಹೊಸದಾಗಿದ್ದರೂ ಮುಖ ಹೊಸದಲ್ಲ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿರುವ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರದಲ್ಲಿ ಬುದ್ಧನ ಪಕ್ಕದಲ್ಲಿ ಕಾಣುವ ಎರಡು ಬೃಹತ್ ವಿಗ್ರಹಗಳಲ್ಲಿ ಒಂದು ಪದ್ಮಸಂಭವರದು, ಇನ್ನೊಂದು ದೀರ್ಘಾಯುಷ್ಯದ ಬುದ್ಧನಾದ ಅಮಿತಾಯುವಿನದು. ಆ ಮಠ ಟಿಬೆಟನ್ ಬೌದ್ಧರ ಅತ್ಯಂತ ಹಳೆಯ ಪಂಥವಾದ ನ್ಯಿಂಗ್ಮದ ಪಲ್ಯುಲ್ ಶಾಖೆಗೆ ಸೇರಿದ್ದು, ಪದ್ಮಸಂಭವರನ್ನು ಮೂಲಗುರುವೆಂದು ಭಾವಿಸುವ ಪಂಥವೇ ಅದು. ಪ್ರವಾಸಕ್ಕೆಂದು ಬೈಲಕುಪ್ಪೆಗೆ ಹೋಗಿ ಬಂದವರು ತಕ್ಸಾಂಗ್‌ನ ಗುರುವನ್ನು ಅರಿಯದೆಯೇ ಕಂಡಿದ್ದಾರೆ.

ಭೂತಾನದ ಐತಿಹ್ಯದ ಪ್ರಕಾರ ಗುರುಗಳು ಆ ನಾಡಿಗೆ ಮೊದಲು ಬಂದದ್ದು ಬುಮ್‌ತಾಂಗ್‌ಗೆ, ಅಲ್ಲಿ ಕಾಯಿಲೆ ಬಿದ್ದಿದ್ದ ಸಿಂಧು ರಾಜನನ್ನು ಗುಣಪಡಿಸಲು. ಅವರ ದೇಹದ ಅಚ್ಚು ಬಂಡೆಯಲ್ಲಿ ಮೂಡಿದೆಯೆಂದು ನಂಬುವ ಕುರ್ಜೆ ಕ್ಷೇತ್ರ ಈಗಲೂ ಬುಮ್‌ತಾಂಗ್‌ನಲ್ಲಿದೆ. ತಕ್ಸಾಂಗ್‌ಗೆ ಬಂದದ್ದು ಆ ಬಳಿಕ, ನಾಡಿನ ಈಶಾನ್ಯ ಮೂಲೆಯ ಸಿಂಗ್ಯೆ ಜೋಂಗ್‌ನಿಂದ, ಹೆಣ್ಣುಹುಲಿಯ ಬೆನ್ನ ಮೇಲೆ ಆಕಾಶಮಾರ್ಗವಾಗಿ. ಹಾಗೆ ಬಂದಾಗ ಅವರು ತಾಳಿದ್ದ ರೂಪ ದೋರ್ಜೆ ದ್ರೋಲೊ. ಪದ್ಮಸಂಭವರಿಗೆ ಸಂಪ್ರದಾಯ ಎಂಟು ರೂಪಗಳನ್ನು ಹೇಳುತ್ತದೆ. ಅವುಗಳಲ್ಲಿ ಅತ್ಯಂತ ಉಗ್ರವಾದದ್ದು ಇದು. ಭೂತಾನದ ಗೋಡೆಚಿತ್ರಗಳಲ್ಲಿ ಕೆಂಪು ಮೈಯ, ಕೆರಳಿದ ಕಣ್ಣುಗಳ, ಬಲಗೈಯಲ್ಲಿ ವಜ್ರವನ್ನೂ ಎಡಗೈಯಲ್ಲಿ ಕೀಲವೆಂಬ ಮೂರು ಅಲಗಿನ ಕಠಾರಿಯನ್ನೂ ಹಿಡಿದು ಜ್ವಾಲೆಗಳ ನಡುವೆ ಹುಲಿಯ ಮೇಲೆ ನಿಂತ ಮೂರ್ತಿ ಕಂಡರೆ ಅದು ದೋರ್ಜೆ ದ್ರೋಲೊ ಎಂದು ತಿಳಿಯಬೇಕು.

ಆ ಹುಲಿ ಯಾರೆಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಹೆಚ್ಚು ಪ್ರಚಲಿತವಾದ ಕಥೆಯಲ್ಲಿ ಗುರುಗಳ ಶಿಷ್ಯೆಯೂ ಸಂಗಾತಿಯೂ ಆದ ಯೇಶೆ ತ್ಸೋಗ್ಯಾಲ್ ಹುಲಿಯಾಗಿ ಮಾರ್ಪಟ್ಟಳು. ಇನ್ನೊಂದು ಪರಂಪರೆಯಲ್ಲಿ ಹುಲಿಯಾದವಳು ಇದೇ ನಾಡಿನ ಹೆಣ್ಣುಮಗಳಾದ ತಾಶಿ ಖ್ಯೂದ್ರೆನ್. ಟಿಬೆಟ್‌ನಿಂದ ಬಂದ ಧರ್ಮವನ್ನು ಹೊತ್ತವಳು ನಮ್ಮ ನೆಲದವಳೇ ಎಂದು ಹೇಳುವ ಈ ಎರಡನೆಯ ಪಾಠ ಪ್ರವಾಸಿ ಕೈಪಿಡಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ನನಗೆ ಅದು ಮೊದಲನೆಯದಕ್ಕಿಂತ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ಧರ್ಮವೊಂದು ಹೊಸ ನಾಡಿನಲ್ಲಿ ಬೇರೂರುವಾಗ ಸ್ಥಳೀಯರ ಪಾಲು ಎಷ್ಟಿತ್ತೆಂಬುದರ ನೆನಪನ್ನು ಅದು ಉಳಿಸಿಕೊಂಡಿದೆ.

ಗುರುಗಳು ಬಂದದ್ದು ಏತಕ್ಕೆ? ಕಣಿವೆಯ ಜನರನ್ನು ಕಾಡುತ್ತಿದ್ದ, ಧರ್ಮಕ್ಕೆ ಎಡೆಗೊಡದಿದ್ದ ಸ್ಥಳೀಯ ಶಕ್ತಿಗಳನ್ನು ಅಡಗಿಸಲು. ಇಲ್ಲಿ ಒಂದು ಸೂಕ್ಷ್ಮವಿದೆ. ಪದ್ಮಸಂಭವರ ಕಥೆಗಳಲ್ಲಿ ಸೋತ ದೇವತೆಗಳು ಸಾಮಾನ್ಯವಾಗಿ ಸಾಯುವುದಿಲ್ಲ. ಅವರಿಂದ ಪ್ರತಿಜ್ಞೆ ಪಡೆದು, ಅವರನ್ನು ಧರ್ಮದ ಕಾವಲಿಗೆ ನಿಲ್ಲಿಸಲಾಗುತ್ತದೆ. ತಕ್ಸಾಂಗ್‌ನ ಕಾವಲು ದೇವತೆಯಾದ ಸಿಂಗ್ಯೆ ಸಂದ್ರುಪ್ ಅಂಥ ದೇವತೆ. ಬೌದ್ಧ ಧರ್ಮ ಬರುವ ಮೊದಲೂ ಈ ಬೆಟ್ಟಗಳಿಗೆ ಒಡೆಯರಿದ್ದರು, ಬಂದ ಮೇಲೂ ಅವರು ಅಲ್ಲೇ ಇದ್ದಾರೆ, ಆದರೆ ಈಗ ಗುರುವಿನ ಆಣೆಗೆ ಒಳಪಟ್ಟಿದ್ದಾರೆ ಎಂಬುದೇ ಈ ಕಥೆಯ ತಿರುಳು. ಹಿಮಾಲಯದ ಬೌದ್ಧ ಧರ್ಮ ಹಳೆಯ ಆರಾಧನೆಗಳನ್ನು ಅಳಿಸಿಹಾಕದೆ ತನ್ನೊಳಗೆ ಸೇರಿಸಿಕೊಂಡ ಬಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಥೆಗಳು ವಿರಳ.

ದೇವತೆಗಳನ್ನು ಅಡಗಿಸಿದ ಬಳಿಕ ಗುರುಗಳು ಗವಿಯಲ್ಲಿ ಮೂರು ವರ್ಷ, ಮೂರು ತಿಂಗಳು, ಮೂರು ದಿನ, ಮೂರು ಗಂಟೆ ಧ್ಯಾನ ಮಾಡಿದರೆಂದು ಜನ ಹೇಳುತ್ತಾರೆ. ಮೂರು ತಿಂಗಳು ಮಾತ್ರ ಎನ್ನುವ ಪಾಠವೂ ಇದೆ. ವಜ್ರಯಾನದ ಸಾಧಕರು ಇಂದಿಗೂ ಕೈಗೊಳ್ಳುವ ದೀರ್ಘ ಏಕಾಂತ ಸಾಧನೆಯ ಅವಧಿ ಮೂರು ವರ್ಷ, ಮೂರು ತಿಂಗಳು, ಮೂರು ದಿನಗಳದ್ದೇ ಆಗಿದೆ. ಏಕಾಂತಕ್ಕೆ ಕುಳಿತ ಸಾಧಕ ಗುರುಗಳ ಕಾಲವನ್ನೇ ತಾನೂ ಕಳೆಯುತ್ತಿದ್ದಾನೆ ಎಂಬ ಭಾವಕ್ಕೆ ಈ ಸಂಖ್ಯೆ ಇಂಬು ಕೊಡುತ್ತದೆ.

ಇತಿಹಾಸದ ಕಡೆಯಿಂದ ನೋಡಿದರೆ ಪದ್ಮಸಂಭವರ ವಿಸ್ತಾರವಾದ ಜೀವನಕಥೆಗಳು ಹನ್ನೆರಡನೆಯ ಶತಮಾನದಿಂದೀಚೆಗೆ ರೂಪುಗೊಂಡವು. ಆದರೂ ಚೀನಾದ ದುನ್‌ಹುವಾಂಗ್ ಗುಹೆಗಳಲ್ಲಿ ದೊರೆತ, ಅದಕ್ಕಿಂತ ಹಳೆಯದಾದ ಟಿಬೆಟನ್ ಹಸ್ತಪ್ರತಿಯೊಂದು ಅವರನ್ನು ವಜ್ರಕೀಲಯ ಎಂಬ ಸಾಧನಾಮಾರ್ಗದೊಂದಿಗೆ ಜೋಡಿಸುತ್ತದೆ. ದೋರ್ಜೆ ದ್ರೋಲೊನ ಎಡಗೈಯಲ್ಲಿರುವ ಕೀಲ ಆ ಸಾಧನೆಯ ಆಯುಧವೇ. ಹುಲಿಯ ಕಥೆಯ ಹಿಂದೆ ಅಷ್ಟರಮಟ್ಟಿಗೆ ಹಳೆಯ ನೆನಪೊಂದು ಇದೆಯೆನ್ನಬಹುದು.

ಪಾರೊದ ಈ ಗವಿ ಒಂಟಿಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಟಿಬೆಟ್ ಮತ್ತು ಭೂತಾನಗಳಲ್ಲಿ ಒಟ್ಟು ಹದಿಮೂರು ಹುಲಿಗವಿಗಳಿವೆ, ಅವೆಲ್ಲವುಗಳಲ್ಲಿ ಗುರುಗಳು ಸಾಧನೆ ಮಾಡಿದರು ಎಂಬುದು ಸಂಪ್ರದಾಯ. ಅವುಗಳಲ್ಲಿ ಪಾರೊದ್ದು ಹೆಚ್ಚು ಪ್ರಸಿದ್ಧ. ಈ ಗವಿಗಳಿಗೆ ಇಷ್ಟು ಮಹತ್ವ ಬಂದದ್ದಕ್ಕೆ ನಿಧಿಗಳ ನಂಬಿಕೆಯೂ ಕಾರಣ. ಕಾಲ ಪಕ್ವವಾದಾಗ ಬೆಳಕಿಗೆ ಬರಲೆಂದು ಗುರುಗಳು ಬೋಧನೆಗಳನ್ನು ಬಂಡೆಗಳಲ್ಲಿ, ಕೆರೆಗಳಲ್ಲಿ, ಶಿಷ್ಯರ ಚಿತ್ತದಲ್ಲಿಯೂ ಅಡಗಿಸಿಟ್ಟರೆಂದೂ, ಅವನ್ನು ತೆರ್ತೋನ್ ಎನಿಸಿಕೊಂಡ ಸಿದ್ಧರು ಶತಮಾನಗಳ ನಂತರ ಹೊರತೆಗೆದರೆಂದೂ ನ್ಯಿಂಗ್ಮ ಪಂಥದವರು ನಂಬುತ್ತಾರೆ. ಹೀಗಾಗಿ ಗವಿಯಲ್ಲಿ ಮುಂದಿನ ತಲೆಮಾರುಗಳಿಗೆ ಸಿಗಬೇಕಾದದ್ದು ಇನ್ನೂ ಉಳಿದೇ ಇರುತ್ತದೆ, ಹೊಸ ಸಾಧಕರು ಬರುತ್ತಲೇ ಇರುತ್ತಾರೆ.

ಹಾಗೆ ಬಂದವರದೇ ಎರಡನೆಯ ಪದರ. ಅವರಲ್ಲಿ ಮೊದಲಿಗರು ಗುರುಗಳ ನೇರ ಶಿಷ್ಯರಾದ ಲಾಂಗ್‌ಚೆನ್ ಪೆಲ್ಕಿ ಸಿಂಗ್ಯೆ. ಕ್ರಿ.ಶ. 853ರಲ್ಲಿ ಅವರು ಇಲ್ಲಿ ಧ್ಯಾನಕ್ಕೆ ಕುಳಿತರೆಂದು ಸಂಪ್ರದಾಯ ಲೆಕ್ಕ ಹಾಕುತ್ತದೆ, ಮತ್ತು ಗವಿಗೆ ಪೆಲ್ಫುಕ್ ಎಂಬ ಹೆಸರು ಬಂದದ್ದೂ ಅವರಿಂದಲೇ ಎನ್ನುತ್ತದೆ. ಮುಂದೆ ಅವರು ನೇಪಾಳಕ್ಕೆ ಹೋಗಿ ಅಲ್ಲಿಯೇ ತೀರಿಕೊಂಡರು. ದೋರ್ಜೆ ಲೆಗ್ಪ ಎಂಬ ದೇವತೆಯ ಕೃಪೆಯಿಂದ ಅವರ ದೇಹ ಪವಾಡದಂತೆ ತಕ್ಸಾಂಗ್‌ಗೆ ಮರಳಿತು. ಮಠದ ಪ್ರವೇಶದ ಮೆಟ್ಟಿಲುಗಳ ಮೇಲ್ತುದಿಯಲ್ಲಿರುವ ಸ್ತೂಪದಲ್ಲಿ ಆ ದೇಹವನ್ನು ಇರಿಸಲಾಗಿದೆಯೆಂಬ ನಂಬಿಕೆಯಿದೆ. ಆ ಸ್ತೂಪವನ್ನು 1980ರ ದಶಕದ ಆರಂಭದಲ್ಲೊಮ್ಮೆ, 2004ರಲ್ಲೊಮ್ಮೆ ದುರಸ್ತಿ ಮಾಡಲಾಯಿತು. ಒಳಗಿನ ಗುಡಿಗಳ ವೈಭವದ ಮುಂದೆ ಇದನ್ನು ಗಮನಿಸದೆ ಹೋಗುವವರೇ ಹೆಚ್ಚು, ಆದರೆ ಗುರುವಿನ ಬಳಿಕ ಈ ಬೆಟ್ಟವನ್ನು ನಂಬಿ ಬದುಕಿದ ಮೊದಲ ವ್ಯಕ್ತಿಯ ಗುರುತು ಇಲ್ಲಿರುವುದು ಇದೊಂದೇ.

ಅನಂತರದ ಶತಮಾನಗಳಲ್ಲಿ ಇಲ್ಲಿ ಸಾಧನೆ ಮಾಡಿದರೆಂದು ಹೇಳುವವರ ಪಟ್ಟಿ ಟಿಬೆಟನ್ ಬೌದ್ಧ ಧರ್ಮದ ದೊಡ್ಡ ಹೆಸರುಗಳನ್ನೆಲ್ಲ ಒಳಗೊಂಡಿದೆ: ಯೋಗಿ ಕವಿ ಮಿಲರೇಪ, ಭಾರತದಿಂದ ಹೋದ ಫದಂಪ ಸಂಗ್ಯೆ, ಅಹಂಕಾರವನ್ನು ಕತ್ತರಿಸುವ ಛೋದ್ ಸಾಧನೆಯ ಪರಂಪರೆಯನ್ನು ಕಟ್ಟಿದ ಮಹಾಯೋಗಿನಿ ಮಚಿಗ್ ಲಬ್ದ್ರೋನ್, ಹದಿನೈದನೆಯ ಶತಮಾನದಲ್ಲಿ ಹಿಮಾಲಯದ ನದಿಗಳಿಗೆ ಕಬ್ಬಿಣದ ಸರಪಳಿಯ ಸೇತುವೆಗಳನ್ನು ಕಟ್ಟಿಸಿದ ಥಾಂಗ್‌ತೋಂಗ್ ಗ್ಯಾಲ್ಪೊ. ಈ ಸಾಲು ಹಳೆಯ ಕಾಲಕ್ಕೆ ನಿಂತುಹೋಗಲಿಲ್ಲ. ಪಶ್ಚಿಮದ ದೇಶಗಳಲ್ಲಿ ಟಿಬೆಟನ್ ಬೌದ್ಧ ಧರ್ಮವನ್ನು ಹರಡಿದ ಚೋಗ್ಯಾಮ್ ತ್ರುಂಗ್ಪ ಅವರು 1968ರಲ್ಲಿ ಇಲ್ಲಿ ಏಕಾಂತವಾಸ ಮಾಡಿ, ಮಹಾಮುದ್ರೆಯನ್ನು ಕುರಿತ ಸಾಧನಾಪಠ್ಯವೊಂದನ್ನು ಪಡೆದರು.

ಇವರೆಲ್ಲ ಬಂದು ಹೋದವರು. ನೆಲೆ ನಿಂತವರು ಕಥೋಕ್ ಪರಂಪರೆಯ ಲಾಮಾಗಳು. ಪೂರ್ವ ಟಿಬೆಟ್‌ನ ಖಾಮ್ ಪ್ರಾಂತದ ಕಥೋಕ್ ಮಠ ನ್ಯಿಂಗ್ಮ ಪಂಥದ ಮಾತೃಮಠಗಳಲ್ಲಿ ಒಂದು. ಬೈಲಕುಪ್ಪೆಯ ಮಠಕ್ಕೆ ಮೂಲವಾದ ಪಲ್ಯುಲ್ ಕೂಡ ಅದೇ ಪ್ರಾಂತದ ಅಂಥದೇ ಇನ್ನೊಂದು ಮಾತೃಮಠ. ಕಥೋಕ್‌ನ ಸೋನಮ್ ಗ್ಯಾಲ್ತ್ಸೆನ್ ಎಂಬ ಲಾಮಾ ಇಲ್ಲಿಗೆ ಬಂದರು, ಮತ್ತು ಈಗಿನ ಮಠಕ್ಕಿಂತ ಮೇಲಿರುವ ಉಗ್ಯೆನ್ ತ್ಸೆಮೊ ಎಂಬಲ್ಲಿ ಈ ಬೆಟ್ಟದ ಮೊದಲ ದೇವಾಲಯ ಎದ್ದಿತು. ಹದಿನೇಳನೆಯ ಶತಮಾನದವರೆಗೂ ಕ್ಷೇತ್ರ ಅವರ ಪರಂಪರೆಯ ಕೈಯಲ್ಲಿತ್ತು. ಪ್ರಸಿದ್ಧವಾದ ಮಠ ತಲೆಯೆತ್ತುವುದಕ್ಕೆ ಬಹಳ ಮೊದಲೇ ಬೆಟ್ಟದ ಮೇಲೆ ಪೂಜೆ ನಡೆಯುತ್ತಿತ್ತೆಂಬುದನ್ನು ಓದುಗರು ನೆನಪಿಡಬೇಕು.

ಮೂರನೆಯ ಪದರ ರಾಜ್ಯದ್ದು. 1616ರಲ್ಲಿ ಟಿಬೆಟ್‌ನಿಂದ ಬಂದು ಚದುರಿದ್ದ ಕಣಿವೆಗಳನ್ನು ಒಂದು ಆಡಳಿತದ ಕೆಳಗೆ ತಂದು ಭೂತಾನವೆಂಬ ನಾಡನ್ನು ಕಟ್ಟಿದವರು ಶಬ್ದ್ರುಂಗ್ ನವಾಂಗ್ ನಮ್‌ಗ್ಯಾಲ್. ಅವರು ನ್ಯಿಂಗ್ಮದವರಲ್ಲ, ದ್ರುಕ್ಪ ಕಗ್ಯು ಪಂಥದವರು. ಆದರೆ ಪದ್ಮಸಂಭವರ ಮೇಲಿನ ಭಕ್ತಿ ಪಂಥಗಳ ಗಡಿಯನ್ನು ಮೀರಿದ್ದು, ಮತ್ತು ನಾಡನ್ನು ಒಗ್ಗೂಡಿಸಲು ಹೊರಟ ಯಾರೂ ಆ ಗುರುವಿನ ಪರಮ ಕ್ಷೇತ್ರವನ್ನು ದೂರವಿಡಲು ಸಾಧ್ಯವಿರಲಿಲ್ಲ. 1640ರ ದಶಕದಲ್ಲಿ, ಟಿಬೆಟ್‌ನ ಸೈನ್ಯ ಭೂತಾನದ ಮೇಲೆ ಏರಿಬಂದಿದ್ದ ಕಾಲದಲ್ಲಿ, ಶಬ್ದ್ರುಂಗ್ ತಮ್ಮ ನ್ಯಿಂಗ್ಮ ಗುರುವಾದ ರಿಗ್ಜಿನ್ ನ್ಯಿಂಗ್ಪೊ ಅವರೊಂದಿಗೆ ತಕ್ಸಾಂಗ್‌ಗೆ ಬಂದು ವಿಧಿಗಳನ್ನು ನಡೆಸಿದರು. ಆಗ ಕಾವಲು ದೇವತೆ ಸಿಂಗ್ಯೆ ಸಂದ್ರುಪ್ ಅವರಿಗೆ ದರ್ಶನ ಕೊಟ್ಟನೆಂದೂ, ಗವಿಯ ಬಳಿ ಗುಡಿ ಕಟ್ಟಿಸಬೇಕೆಂಬ ಸಂಕಲ್ಪ ಅವರಲ್ಲಿ ಮೂಡಿದ್ದು ಅಲ್ಲಿಯೇ ಎಂದೂ ಹೇಳುತ್ತಾರೆ. ಗುರುವಿನ ಆಣೆಗೆ ಒಳಪಟ್ಟ ದೇವತೆ ಶಬ್ದ್ರುಂಗರಿಗೆ ಕಾಣಿಸಿಕೊಂಡನೆಂದರೆ ಕ್ಷೇತ್ರ ಹೊಸ ರಾಜ್ಯವನ್ನು ಒಪ್ಪಿಕೊಂಡಿತೆಂದೇ ಅರ್ಥ.

ಅವರ ಕಾಲದಲ್ಲಿ ಆಗದ ಆ ಕೆಲಸವನ್ನು ಮಾಡಿಸಿದವರು ನಾಲ್ಕನೆಯ ದೇಸಿ, ಅಂದರೆ ಲೌಕಿಕ ಆಡಳಿತದ ಮುಖ್ಯಸ್ಥರಾಗಿದ್ದ ಗ್ಯಾಲ್ಸೆ ತೆನ್ಜಿನ್ ರಬ್ಗ್ಯೆ. ಜನ ಅವರನ್ನು ಗುರು ಪದ್ಮಸಂಭವರ ಅವತಾರವೆಂದೇ ನಂಬಿದ್ದರು. 1692ರಲ್ಲಿ ಅವರು ಪೆಲ್ಫುಕ್ ಗವಿಯ ಮುಂದೆ ಗುಡಿಗೆ ತಳಪಾಯ ಹಾಕಿಸಿದಾಗಿನ ಕಥೆಗಳು ಇಂದಿಗೂ ಹೇಳಲ್ಪಡುತ್ತವೆ. ಅವರು ಗವಿಯ ಒಳಗೂ ಹೊರಗೂ ಏಕಕಾಲದಲ್ಲಿ ಕಾಣಿಸಿಕೊಂಡರು. ಅಲ್ಪ ಆಹಾರ ಬಂದವರೆಲ್ಲರಿಗೂ ಸಾಕಾಗಿ ಉಳಿಯಿತು. ಅಷ್ಟು ಜಾರುವ, ಇಕ್ಕಟ್ಟಾದ ದಾರಿಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಆಕಾಶದಿಂದ ಸುರಿದ ಹೂಗಳು ನೆಲ ಮುಟ್ಟುವ ಮೊದಲೇ ಮಾಯವಾದವು. ಗಮನಿಸಿದರೆ ಇವು ಹುಲಿಯ ಕಥೆಗಿಂತ ತೀರ ಬೇರೆ ಜಾತಿಯ ಪವಾಡಗಳು. ಇಲ್ಲಿ ಶತ್ರುವಿಲ್ಲ, ಉಗ್ರರೂಪವಿಲ್ಲ. ಕಡಿದಾದ ಬಂಡೆಯ ಮೇಲೆ ಕಲ್ಲು, ಮರ, ಮಣ್ಣು ಹೊತ್ತು ಕೆಲಸ ಮಾಡಿದವರ ಭಯ, ಹಸಿವು, ದಣಿವುಗಳಿಗೆ ಉತ್ತರವಾಗಿ ಹುಟ್ಟಿದ ಕಥೆಗಳಿವು ಎಂದು ನಾನು ಓದುತ್ತೇನೆ.

ಕಟ್ಟಡದ ಸುತ್ತ ಹುಟ್ಟಿದ ಇನ್ನೆರಡು ಕಥೆಗಳೂ ಇದೇ ಬಗೆಯವು. ಪುನಾಖಾದ ಕಡೆಯಿಂದ ತರುತ್ತಿದ್ದ ಗುರುಗಳ ದೊಡ್ಡ ವಿಗ್ರಹವೊಂದನ್ನು ಕಡಿದಾದ ಕಾಲುದಾರಿಯಲ್ಲಿ ಮೇಲೆತ್ತಲಾಗದೆ, ತುಂಡು ಮಾಡಿ ಸಾಗಿಸೋಣವೆಂದು ಹೊತ್ತು ತಂದವರು ಯೋಚಿಸಿದಾಗ, ವಿಗ್ರಹವೇ ಮಾತನಾಡಿ ಹಾಗೆ ಮಾಡಬೇಡಿ, ನನ್ನನ್ನು ಒಯ್ಯುವವನು ಬರುತ್ತಾನೆ ಎಂದಿತಂತೆ. ಬಂದು ಹೊತ್ತೊಯ್ದವನು ಸಿಂಗ್ಯೆ ಸಂದ್ರುಪ್. ಮಾತನಾಡಿದ ಗುರು ಎಂಬ ಅರ್ಥದ ಗುರು ಸುಂಗ್‌ಜೋನ್ ಎಂಬ ಹೆಸರು ಮಠದ ಮುಖ್ಯ ಗುಡಿಯೊಂದಕ್ಕೆ ಬಂದದ್ದು ಹೀಗೆ. ಇಷ್ಟು ಕಡಿದಾದ ಬಂಡೆಗೆ ಕಟ್ಟಡಗಳು ಹೇಗೆ ಅಂಟಿಕೊಂಡು ನಿಂತಿವೆ ಎಂಬುದಕ್ಕೆ ಜನಪದ ಕೊಡುವ ಉತ್ತರ ಇನ್ನೂ ಸೊಗಸಾದದ್ದು: ಆಕಾಶದಲ್ಲಿ ಸಂಚರಿಸುವ ದೇವತೆಗಳಾದ ಡಾಕಿನಿಯರು ತಮ್ಮ ಕೂದಲಿನಿಂದ ಅವನ್ನು ಬಂಡೆಗೆ ಬಿಗಿದಿದ್ದಾರೆ.

ಇನ್ನು ಜಾಗಗಳ ವಿಷಯ. ದೂರದಿಂದ ಒಂದೇ ಕಟ್ಟಡದಂತೆ ಕಾಣುವ ಮಠದಲ್ಲಿ ನಾಲ್ಕು ಮುಖ್ಯ ಗುಡಿಗಳೂ ಭಿಕ್ಷುಗಳ ವಸತಿಗಳೂ ಇವೆ. ಬಂಡೆಯ ಏರಿಳಿತಕ್ಕೆ ತಕ್ಕಂತೆ ಅವನ್ನು ಮೆಟ್ಟಿಲುಗಳಿಂದ ಒಂದಕ್ಕೊಂದು ಜೋಡಿಸಲಾಗಿದೆ. ಬೆಟ್ಟದಲ್ಲಿ ಎಂಟು ಗವಿಗಳಿವೆಯೆಂದೂ ಅವುಗಳಲ್ಲಿ ನಾಲ್ಕಕ್ಕೆ ಹೋಗುವುದು ಸುಲಭವೆಂದೂ ಹೇಳುತ್ತಾರೆ. ಹುಲಿಯೇರಿ ಬಂದ ಗುರುಗಳು ಮೊದಲು ಹೊಕ್ಕದ್ದು ಥೋಲು ಫುಕ್ ಗವಿ, ಧ್ಯಾನಕ್ಕೆ ಕುಳಿತದ್ದು ಪೆಲ್ಫುಕ್ ಗವಿ. ಮಠದ ಹೃದಯವಾದ ಈ ಎರಡನೆಯ ಗವಿಗೆ ಚಿನ್ನದ ಲೇಪದ ಬಾಗಿಲಿದೆ. ಅದು ಮುಚ್ಚಿಯೇ ಇರುತ್ತದೆ, ವರ್ಷಕ್ಕೊಮ್ಮೆ ವಿಧಿಪೂರ್ವಕವಾಗಿ ತೆರೆಯುತ್ತಾರೆ. ಉಳಿದ ದಿನಗಳಲ್ಲಿ ಯಾತ್ರಿಕರು ಬಾಗಿಲ ಹೊರಗೇ ಸಾಷ್ಟಾಂಗ ನಮಸ್ಕಾರ ಮಾಡುತ್ತಾರೆ.

ಮುಖ್ಯ ಮಠಕ್ಕೆ ತಲುಪುವ ದಾರಿ ಕೊನೆಯಲ್ಲಿ ಒಂದು ಕಮರಿಯೊಳಕ್ಕೆ ಇಳಿದು, ಜಲಪಾತವೊಂದರ ಬುಡದ ಸೇತುವೆಯನ್ನು ದಾಟಿ ಮತ್ತೆ ಏರುತ್ತದೆ. ಸುಮಾರು 60 ಮೀಟರ್ ಎತ್ತರದಿಂದ ಬೀಳುವ ಈ ನೀರು ಪವಿತ್ರವೆಂದು ಯಾತ್ರಿಕರು ಭಾವಿಸುತ್ತಾರೆ. ಜಲಪಾತದ ಪಕ್ಕದ ಬಂಡೆಯ ಸಂದಿನಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲೆ, ಸಿಂಗ್ಯೆ ಫು ಎಂಬ ಹಿಮಸಿಂಹದ ಗವಿಯಿದೆ. ಯೇಶೆ ತ್ಸೋಗ್ಯಾಲ್ ಸಾಧನೆ ಮಾಡಿದ ತಾಣವೆಂದು ಅದು ಪೂಜ್ಯ. ಮಠಕ್ಕಿಂತ ಮೇಲೆ, ಬೆಟ್ಟದ ಇನ್ನೊಂದು ಭಾಗದಲ್ಲಿ, ಉಗ್ಯೆನ್ ತ್ಸೆಮೊ ಅಲ್ಲದೆ ಗುರುಗಳ ದಿವ್ಯಲೋಕದ ಹೆಸರು ಹೊತ್ತ ಜಾಂಗ್ದೊ ಪೆಲ್ರಿ ಗುಡಿಯೂ ಮಚಿಗ್ ಫು ಗವಿಯೂ ಇವೆ. ಮಚಿಗ್ ಲಬ್ದ್ರೋನ್ ಧ್ಯಾನ ಮಾಡಿದರೆನ್ನುವ ಆ ಗವಿಗೆ ಭೂತಾನದ ದಂಪತಿಗಳು ಮಕ್ಕಳ ಭಾಗ್ಯ ಬೇಡಿ ಹೋಗುತ್ತಾರೆ.

1998ರ ಏಪ್ರಿಲ್ 19ರಂದು ಮಠಕ್ಕೆ ಬೆಂಕಿ ಬಿತ್ತು. ವಿದ್ಯುತ್ ತಂತಿಯ ದೋಷವೋ ಬೆಣ್ಣೆದೀಪದಿಂದ ಹತ್ತಿದ ಕಿಡಿಯೋ ಎಂಬ ಶಂಕೆಗಳಿದ್ದವು. ಹೊತ್ತಿಕೊಂಡ ಮೇಲೆ, ಆ ಎತ್ತರಕ್ಕೆ ನೆರವು ತಲುಪುವುದು ಸುಲಭವಿರಲಿಲ್ಲ. ಮುಖ್ಯ ಕಟ್ಟಡ, ಅದರ ಚಿತ್ರಗಳು, ವಿಗ್ರಹಗಳು ನಾಶವಾದವು, ಒಬ್ಬ ಭಿಕ್ಷು ಪ್ರಾಣ ಕಳೆದುಕೊಂಡರು. ಇದಕ್ಕೆ ಮೊದಲು 1951ರಲ್ಲಿಯೂ ಮಠದಲ್ಲಿ ಬೆಂಕಿ ಕಾಣಿಸಿಕೊಂಡಿತ್ತು, 1958ರಲ್ಲಿ ಉಗ್ಯೆನ್ ತ್ಸೆಮೊ ಸುಟ್ಟು ಮತ್ತೆ ಎದ್ದಿತ್ತು. ಆದರೆ ಇಷ್ಟು ದೊಡ್ಡ ನಷ್ಟ ಹಿಂದೆ ಆಗಿರಲಿಲ್ಲ. ಭೂತಾನ ಸರ್ಕಾರ ಸುಮಾರು 13.5 ಕೋಟಿ ಗುಲ್ಟ್ರಮ್ ವೆಚ್ಚದಲ್ಲಿ ಮಠವನ್ನು ಮತ್ತೆ ಕಟ್ಟಿಸಿತು. ಗುಲ್ಟ್ರಮ್‌ನ ಬೆಲೆ ನಮ್ಮ ರೂಪಾಯಿಗೆ ಸಮ. 2005ರಲ್ಲಿ ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರ ಸಮ್ಮುಖದಲ್ಲಿ ಅದರ ಪುನಃಪ್ರತಿಷ್ಠೆ ನಡೆಯಿತು.

ಇಂದು ನಾವು ನೋಡುವ ಗೋಡೆಗಳ ಬಹುಭಾಗ ಹೀಗೆ ಈ ಶತಮಾನದ್ದು. ಹಾಗೆಂದು ಭೂತಾನದ ಭಕ್ತರಿಗೆ ಕ್ಷೇತ್ರದ ಮಹಿಮೆ ಕುಂದಿದಂತೆ ತೋರಲಿಲ್ಲ, ಏಕೆಂದರೆ ಬಂಡೆಯೊಳಗಿನ ಗವಿ ಇದ್ದಲ್ಲಿಯೇ ಇತ್ತು. ಹಳೆಯ ಚಿತ್ರಕಲೆ ಹೋದದ್ದು ಎಂದಿಗೂ ತುಂಬದ ನಷ್ಟವೆಂಬುದನ್ನು ಮರೆಯಬಾರದು. ಆದರೆ ಕಟ್ಟಡದ ವಯಸ್ಸಿನಿಂದ ತಕ್ಸಾಂಗ್‌ನ ಪ್ರಾಚೀನತೆಯನ್ನು ಅಳೆಯುವುದೂ ಸರಿಯಲ್ಲ.

ಯಾತ್ರೆಗೆ ಹೋಗಬಯಸುವವರು ತಿಳಿದಿರಬೇಕಾದದ್ದು ಕೆಲವೇ ಸಂಗತಿಗಳು. ಮಠದೊಳಗೆ ಕ್ಯಾಮೆರಾ, ಮೊಬೈಲ್, ಚೀಲಗಳನ್ನು ಒಯ್ಯುವಂತಿಲ್ಲ. ಮೈ ಮುಚ್ಚುವ ಉಡುಪು ಬೇಕು. ಏರುವುದಕ್ಕೆ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ, ಗಾಳಿ ತೆಳುವಾಗಿರುವುದರಿಂದ ಸಮುದ್ರಮಟ್ಟದ ಊರುಗಳಿಂದ ಹೋದವರು ಪಾರೊದಲ್ಲಿ ಒಂದೆರಡು ದಿನ ತಂಗಿ ಏರುವುದು ಒಳ್ಳೆಯದು. ಚಾಂದ್ರಮಾಸದ ಹತ್ತನೆಯ ದಿನ ಗುರು ರಿಂಪೋಚೆಗೆ ಮೀಸಲಾದದ್ದು, ಅಂದು ಭೂತಾನದ ಕುಟುಂಬಗಳು ಹೆಚ್ಚಿನ ಸಂಖ್ಯೆಯಲ್ಲಿ ಬರುತ್ತವೆ. ಹೆಚ್ಚಿನ ಪ್ರವಾಸಿಗಳು ಮುಖ್ಯ ಮಠವನ್ನು ನೋಡಿ ಇಳಿದುಬಿಡುತ್ತಾರೆ. ಕಾಲಿನಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ಉಗ್ಯೆನ್ ತ್ಸೆಮೊ ಮತ್ತು ಮಚಿಗ್ ಫುವರೆಗೆ ಹತ್ತಬೇಕೆಂದು ನಾನು ಒತ್ತಿ ಹೇಳುತ್ತೇನೆ: ಕಥೋಕ್ ಲಾಮಾಗಳು ಈ ಬೆಟ್ಟದ ಮೊದಲ ಗುಡಿಯನ್ನು ಕಟ್ಟಿದ್ದು ಅಲ್ಲಿ, ಮತ್ತು ಸ್ಥಳೀಯರ ಹರಕೆ ಪೂಜೆಗಳು ಪ್ರವಾಸಿಗಳ ಗದ್ದಲವಿಲ್ಲದೆ ನಡೆಯುವುದೂ ಅಲ್ಲಿಯೇ.